ಮುಳುಗಿ ಸತ್ತ ಮೀನು

"ಮುಳುಗಿ ಸತ್ತಿದೆ," ಎಂದರು ಪಶುವೈದ್ಯರು, ಕತ್ತರಿಯನ್ನು ಬಕೆಟ್ಟಿನ ನೀರಿನಲ್ಲಿ ಜಾಲಾಡಿಸುತ್ತ.

ದಫೇದಾರ ಮೊದಲು ಅವರ ಮುಖ ನೋಡಿದ. ಆಮೇಲೆ ಸಿಮೆಂಟು ಕಟ್ಟೆಯ ಮೇಲೆ ಅಂಗಾತ ಬಿದ್ದಿದ್ದ ಮೀನಿನ ಮುಖ ನೋಡಿದ. ಕೊನೆಗೆ ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿ, ನಗಬಹುದೋ ಬಾರದೋ ಎಂದು ಅಪ್ಪಣೆ ಕೇಳುವವನಂತೆ ನಿಂತ.

"ಡಾಕ್ಟ್ರೇ, ಅದು ಮೀನು," ಎಂದ, ಯಾರಿಗೂ ಬೇಜಾರಾಗದ ಹಾಗೆ.

"ಹೌದಪ್ಪ, ಹಸು ಅಲ್ಲ ಅಂತ ನನಗೂ ಕಾಣ್ತಿದೆ. ಆದ್ರೂ ಮುಳುಗೇ ಸತ್ತಿರೋದು."

ಇನ್‌ಸ್ಪೆಕ್ಟರಮ್ಮ ನಗಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಮೀನಿನ ಮೇಲೆ ಬಗ್ಗಿದಳು. ಮೊಳದುದ್ದದ ಮೈ, ಒಂದು ಚಿಪ್ಪಿಲ್ಲ, ಎಣ್ಣೆ ಬಳಿದಂತೆ ಕಪ್ಪಗೆ ಜಾರುವ ಚರ್ಮ. ಅಗಲ ಬಾಯಿಯ ಸುತ್ತ ದಾರದಂಥ ಮೀಸೆಗಳು ಸೋತು ಇಳಿಬಿದ್ದಿದ್ದವು.

ನಿನ್ನೆ ಬೆಳಗ್ಗೆ, ಮೀನುಮರಿ ಮಾಡಿ ಮಾರುವ ಈ ಹ್ಯಾಚರಿಯ ತಾಯಿ ಮೀನುಗಳೆಲ್ಲ ತೊಟ್ಟಿಯಲ್ಲಿ ಸತ್ತು ಬಿದ್ದಿದ್ದವು. ಅವುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ ಮೀಸೆ ಮಾವ ಪಕ್ಕದ ಒಣ ಕಾಲುವೆಯಲ್ಲಿ ತಲೆ ಒಡೆದು ಬಿದ್ದಿದ್ದ, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಮೀಸೆ ಮಾವನಿಗೆ ಮೀಸೆಯೇ ಇರಲಿಲ್ಲ. ಅವನು ಹ್ಯಾಚರಿಯ ಯಜಮಾನತಿ ದೊಡ್ಡಮ್ಮನ ತಮ್ಮ, ದೊಡ್ಡಮ್ಮನ ಮಗಳಿಗೆ ಸೋದರಮಾವ. ಮಗಳು ಮಾವ ಎಂದದ್ದನ್ನೇ ಕೆಲಸದವರೆಲ್ಲ ಹಿಡಿದುಕೊಂಡರು. ಆಯಸ್ಸೆಲ್ಲ ಮೀಸೆ ಮೀನಿನ ಜತೆ ಕಳೆದವನಿಗೆ ಅದರ ಮೀಸೆಯೂ ಅಂಟಿಕೊಂಡಿತು.

ನಡೆದದ್ದನ್ನು ಪೊಲೀಸರಿಗೆ ಮೊದಲು ಹೇಳಿದವನು ದೊಡ್ಡಮ್ಮನ ಅಳಿಯ. ರಾತ್ರಿ ಕರೆಂಟು ಹೋಯಿತು, ತೊಟ್ಟಿಗೆ ಗಾಳಿ ಊದುವ ಮೋಟಾರು ನಿಂತಿತು, ಮೀನುಗಳು ಉಸಿರು ಕಟ್ಟಿ ಸತ್ತವು, ಜನರೇಟರ್ ಹಾಕಲು ಎದ್ದು ಓಡಿದ ಮಾವ ಕತ್ತಲಲ್ಲಿ ಜಾರಿ ಬಿದ್ದ. ಬಾಯಿಪಾಠ ಒಪ್ಪಿಸುವವನಂತೆ ಒಂದೂ ತಡೆಯಿಲ್ಲದೆ ಹೇಳಿದ್ದ. ಇನ್‌ಸ್ಪೆಕ್ಟರಮ್ಮನಿಗೆ ಆಗಲೇ ಚುಚ್ಚಿದ್ದು ಆ ಸಲೀಸು.

"ಬೇರೆ ಮೀನಾಗಿದ್ರೆ ಅಳಿಯನ ಮಾತು ಸರಿ," ಎಂದರು ಪಶುವೈದ್ಯರು. "ಇದು ಹಾಗಲ್ಲ. ಇಲ್ಲಿ ನೋಡಿ ಮೇಡಂ."

ಕಿವಿರಿನ ಮುಚ್ಚಳವನ್ನು ಬೆರಳಿನಿಂದ ಎತ್ತಿದರು. ಒಳಗೆ, ಕಿವಿರಿನ ಮೇಲುಗಡೆ, ಹೂಕೋಸಿನ ತುಣುಕಿನಂಥ ಕೆಂಪು ಗೊಂಚಲು.

"ಇದಕ್ಕೆ ಕಿವಿರು ಸಾಲದು ಅಂತ ದೇವರು ಇನ್ನೊಂದು ಕೊಟ್ಟಿದಾನೆ. ಮೇಲೆ ಬಂದು ಬಾಯಿತುಂಬ ಗಾಳಿ ನುಂಗುತ್ತೆ, ಆ ಗಾಳಿ ಇಲ್ಲಿ ಕೂರುತ್ತೆ. ಅದಕ್ಕೇ ಕೆಸರಲ್ಲೂ ಬದುಕುತ್ತೆ, ಒದ್ದೆ ಬುಟ್ಟೀಲೂ ಬದುಕುತ್ತೆ. ನೆಲ ಹಸಿಯಾಗಿದ್ರೆ ತೆವಳಿಕೊಂಡು ಪಕ್ಕದ ತೊಟ್ಟಿಗೂ ಹೋಗುತ್ತೆ. ಮೋಟಾರು ನಿಂತ್ರೆ ಇದಕ್ಕೇನು? ನಾಲ್ಕು ಸಲ ಜಾಸ್ತಿ ಮೇಲೆ ಬರುತ್ತೆ, ಅಷ್ಟೇ."

"ಮತ್ತೆ ಸತ್ತಿದ್ದು?"

"ಮೇಲೆ ಬರೋಕೆ ಬಿಟ್ಟಿಲ್ಲ." ಪಶುವೈದ್ಯರು ಮೀನಿನ ಮೂತಿಯನ್ನು ಬಿಸಿಲಿಗೆ ತಿರುಗಿಸಿದರು. ತುದಿಯ ಚರ್ಮ ಕಿತ್ತುಬಂದು ಒಳಗಿನ ಬಿಳುಪು ಕಾಣುತ್ತಿತ್ತು. "ಐಸಲ್ಲಿಟ್ಟಿರೋ ಅಷ್ಟಕ್ಕೂ ಹೀಗೇ ಆಗಿದೆ. ಗಾಳಿಗೆ ಅಂತ ಮೇಲೆ ಬಂದಿವೆ, ಏನಕ್ಕೋ ಗುದ್ದಿವೆ, ಮತ್ತೆ ಬಂದಿವೆ, ಮತ್ತೆ ಗುದ್ದಿವೆ."

ದಫೇದಾರ ಎರಡು ಹೆಜ್ಜೆ ಹಿಂದೆ ಸರಿದ. ಬೆಳಗ್ಗೆಯಿಂದ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡಿದ್ದ ಕರ್ಚೀಫನ್ನು ಮಡಿಸಿ ಜೇಬಿಗಿಟ್ಟ.

ತೊಟ್ಟಿ ಹತ್ತೇ ಹೆಜ್ಜೆ ದೂರದಲ್ಲಿತ್ತು. ಎದೆಯೆತ್ತರದ ಸಿಮೆಂಟಿನ ಗೋಡೆ, ಅದರ ಅಂಚಿನಿಂದ ನಾಲ್ಕು ಬೆರಳು ಕೆಳಗೆ, ಒಳಬದಿಗೆ ಬಿಗಿಯಾಗಿ ಎಳೆದು ಕಟ್ಟಿದ ನೀಲಿ ನೈಲಾನ್ ಬಲೆ. ಬಲೆ ಹೊಸದಲ್ಲ, ಮೀನು ಹತ್ತಿ ಹೊರಗೆ ಹೋಗದಿರಲಿ, ಹಕ್ಕಿ ಒಳಗೆ ಇಳಿಯದಿರಲಿ ಎಂದು ವರ್ಷವಿಡೀ ಅಲ್ಲೇ ಇರುವಂಥದ್ದು. ಅದರ ಕೆಳಗೆ ಒಂದು ಗೇಣು ಬಿಟ್ಟು ನೀರು. ನೀರಿನ ಮೇಲೆ ನೆರಳಿಗೆಂದು ಬಿಟ್ಟ ಅಜೋಲದ ಪುಟ್ಟ ಹಸಿರು ಎಲೆಗಳು.

ಇನ್‌ಸ್ಪೆಕ್ಟರಮ್ಮ ಬಲೆಯ ಮೇಲೆ ಅಂಗೈ ಸವರಿದಳು. ಅಂಗೈಗೆ ಏನೋ ಅಂಟಿತು. ಒಣಗಿ ಕಂದಾದ ಅದೇ ಎಲೆಗಳು.

"ಕೆಳಗಿರಬೇಕಾದ್ದು ಮೇಲೆ ಹೇಗೆ ಬಂತು?"

"ಗಾಳಿಗೆ ಹಾರಿರಬೇಕು ಮೇಡಂ," ಎಂದ ದಫೇದಾರ.

"ಗಾಳಿಗೆ ಹಾರಿದ್ರೆ ಒಂದು ಕಡೆ ಗುಡ್ಡೆ ಬೀಳ್ತಿತ್ತು. ಇದು ಸಗಣಿ ಸಾರಿಸಿದ ಹಾಗೆ ನಾಲ್ಕೂ ಮೂಲೆಗೂ ಒಂದೇ ಸಮ ಇದೆ."

ಅವಳ ಅಪ್ಪ ನಲ್ಲಿ ರಿಪೇರಿ ಮಾಡಿ ಮಕ್ಕಳನ್ನು ಓದಿಸಿದವರು. ಎಲ್ಲಿ ಸೋರಿದರೂ ಅವರು ಮೊದಲು ನೋಡುತ್ತಿದ್ದದ್ದು ನೀರು ಬರುವ ದಾರಿ ಮತ್ತು ಹೋಗುವ ದಾರಿ. ಮಗಳೂ ಈಗ ಅದನ್ನೇ ನೋಡಿದಳು. ಮೇಲಿನ ಟ್ಯಾಂಕಿನಿಂದ ಇಳಿದ ಪೈಪು, ಅದಕ್ಕೊಂದು ವಾಲ್ವು. ಬಲೆಯ ಕೆಳಗೆ ಗೋಡೆಯಲ್ಲಿ, ನೀರು ಹೆಚ್ಚಾದರೆ ಹೊರಗೆ ಹರಿಯಲು ಇನ್ನೊಂದು ಪೈಪು. ಆ ಪೈಪಿನೊಳಗೆ ಎರಡು ಬೆರಳು ಹಾಕಿ ತಡಕಾಡಿದಳು. ಒದ್ದೆ ನೂಲಿನ ಎಳೆಗಳು ಹೊರಗೆ ಬಂದವು.

"ಬಟ್ಟೆ ತುರುಕಿದ್ರು. ಆಮೇಲೆ ಕಿತ್ತಿದ್ರು," ಎಂದಳು. "ಬಲೆ ಹಾಕೋ ಕಷ್ಟವೇ ಇಲ್ಲ ಡಾಕ್ಟ್ರೇ, ಬಲೆ ಇದ್ದೇ ಇದೆ. ನೀರನ್ನ ಬಲೆಗಿಂತ ಮೇಲೆ ಏರಿಸಿದ್ರೆ ಸಾಕು. ಅಜೋಲ ತೇಲಿಕೊಂಡು ಮೇಲೆ ಹೋಯ್ತು, ಮೀನು ಕೆಳಗೇ ಉಳೀತು."

ಪಶುವೈದ್ಯರು ತೊಟ್ಟಿಯೊಳಗೆ ಇಣುಕಿದರು. "ಮೋಟಾರನ್ನೂ ನಿಲ್ಲಿಸಿದ್ರು ಅಂದ್ರೆ ನೀರಲ್ಲೂ ಗಾಳಿ ಇಲ್ಲ. ಎರಡು ಬಾಗಿಲನ್ನೂ ಮುಚ್ಚಿಬಿಟ್ಟಿದಾರೆ," ಎಂದರು.

"ಇದು ಮೀನಿನ ವಿಷಯ ತಿಳಿಯದವನು ಮಾಡೋ ಕೆಲಸವೇ?"

"ತಿಳಿಯದವನು ವಿಷ ಹಾಕ್ತಾನೆ ಮೇಡಂ. ಇದು ಮನೆಯವರ ಕೆಲಸ."

ಹೇಳಿದ ಮೇಲೆ ಅವರಿಗೇ ಆ ಮಾತು ಭಾರವಾಯಿತೇನೋ, ಕಟ್ಟೆಯ ಕಡೆ ನಡೆದರು. ಇನ್‌ಸ್ಪೆಕ್ಟರಮ್ಮ ಹಿಂದೆಯೇ ಹೋದಳು. ಇನ್ನೂ ಏನೋ ಇದೆ ಎಂದು ಅವರ ಬೆನ್ನೇ ಹೇಳುತ್ತಿತ್ತು.

"ಇನ್ನೊಂದಿದೆ," ಎಂದರು ಕೊನೆಗೂ. "ಹೇಳೋಕೆ ನನಗೇ ಧೈರ್ಯ ಸಾಲ್ತಿಲ್ಲ. ಹೋದ ವರ್ಷ ಈ ತಾಯಿ ಮೀನುಗಳಿಗೆ ಮೈಮೇಲೆ ಬೂಷ್ಟು ಬಂದಿತ್ತು. ಒಂದೊಂದನ್ನೂ ಕೈಯಲ್ಲಿ ಹಿಡಿದು ಔಷಧಿ ಹಚ್ಚಿದೀನಿ. ಬೆರಳಿಗೆ ಗುರುತಿದೆ. ಇಲ್ಲಿ ಮುಟ್ಟಿ."

ಅವಳ ಬೆರಳನ್ನು ಮೀನಿನ ನೆತ್ತಿಯ ಹಿಂಭಾಗಕ್ಕೆ ತಂದರು. ಚರ್ಮದ ಕೆಳಗೆ ಎಲುಬಿನ ಅಂಚು. ನಡುವೆ ತಗ್ಗು, ಎರಡೂ ಕಡೆ ಮೂಲೆ.

"ನಮ್ಮ ಮೀಸೆ ಮೀನಿಗೆ ಇದು ಉಗುರಿನ ಅಂಚಿನ ಹಾಗೆ ದುಂಡಗೆ ಇರುತ್ತೆ. ಹೀಗೆ ಮೂಲೆ ಬರೋದು ಹೊರಗಿನಿಂದ ಬಂದ ದೊಡ್ಡ ಜಾತಿಗೆ. ಇದು ಆ ಮೀನಲ್ಲ ಮೇಡಂ. ಆರು ಮೀನು ನೋಡ್ದೆ, ಆರೂ ಅಲ್ಲ."

"ಅಂದ್ರೆ ಸತ್ತಿರೋದು..."

"ಸತ್ತಿರೋದು ಯಾವ್ಯಾವುದೋ. ದೊಡ್ಡಮ್ಮನ ತಾಯಿ ಮೀನುಗಳು ಎಲ್ಲಿದಾವೋ ನನಗೆ ಗೊತ್ತಿಲ್ಲ."

ಇನ್‌ಸ್ಪೆಕ್ಟರಮ್ಮ ಕಟ್ಟೆಯ ಅಂಚಿಗೆ ಕುಳಿತಳು. ನಿನ್ನೆಯಿಂದ ಹೆಣೆದಿದ್ದದ್ದೆಲ್ಲ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತ್ತು. ಮೀನು ಕೊಂದವನನ್ನು ಹುಡುಕುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಮೀನು ಕದ್ದವನೊಬ್ಬ ಇದ್ದಾನೆ. ಅವನೂ ಇವನೂ ಒಬ್ಬನೇ ಇರಬಹುದು, ಬೇರೆ ಬೇರೆ ಇರಬಹುದು, ಒಬ್ಬರಿಗೊಬ್ಬರು ಗೊತ್ತೇ ಇಲ್ಲದಿರಬಹುದು.

"ಅಷ್ಟೊಂದು ಏನಿದೆ ಅದರಲ್ಲಿ?" ಎಂದು ಕೇಳಿದಳು. "ಒಂದು ಮೀನಿಗೋಸ್ಕರ ಮನುಷ್ಯನ ತಲೆ ಒಡೀತಾರಾ?"

"ಈ ಸುತ್ತಮುತ್ತ ಮನೆ ಹಿಂದೆ ಒಂದು ಗುಂಡಿ ತೋಡಿ ಮೀನು ಸಾಕೋ ಹೆಂಗಸರು ಎಷ್ಟು ಜನ ಇದಾರೆ ನೋಡಿದೀರಾ? ಬೇರೆ ಮೀನಿಗೆ ಹರಿಯೋ ನೀರು ಬೇಕು, ಆಳ ಬೇಕು. ಇದಕ್ಕೆ ಮೊಣಕಾಲುದ್ದದ ಕಲಕು ನೀರು ಸಾಕು. ಜೀವಂತ ಒಯ್ದು ಜೀವಂತ ಮಾರಬಹುದು, ಐಸಿನ ಹಂಗಿಲ್ಲ. ಬಾಣಂತಿಗೆ, ಜ್ವರ ಬಿಟ್ಟವರಿಗೆ ಅಂತ ಹುಡುಕಿಕೊಂಡು ಬಂದು ಒಯ್ತಾರೆ. ಆದ್ರೆ ಮರಿ ಮಾತ್ರ ತೊಟ್ಟೀಲಿ ತಾನಾಗೇ ಆಗಲ್ಲ. ಹೆಣ್ಣಿಗೆ ಇಂಜೆಕ್ಷನ್ ಕೊಟ್ಟು ಮೊಟ್ಟೆ ಹಿಂಡಬೇಕು, ಗಂಡಿನ ಹೊಟ್ಟೆ ಸೀಳಿ ಬೀಜ ತೆಗೀಬೇಕು. ಗಂಡು ಪ್ರತಿ ಸಲ ಹೋಗುತ್ತೆ. ವರ್ಷವರ್ಷ ಉಳಿಯೋದು ಹೆಣ್ಣು. ಅದಕ್ಕೇ ಅದಕ್ಕೆ ತಾಯಿ ಮೀನು ಅನ್ನೋದು. ಇಲ್ಲಿಯ ತಾಯಿ ಮೀನಿನಷ್ಟು ಕಲಬೆರಕೆಯಿಲ್ಲದ್ದು ನನಗೆ ತಿಳಿದಂತೆ ಇನ್ನೆಲ್ಲೂ ಇಲ್ಲ. ಅವು ಹೋದ್ರೆ ಗುಂಡಿಗಳೆಲ್ಲ ಖಾಲಿ."

"ಆ ದೊಡ್ಡ ಜಾತಿ ಸಾಕಬಹುದಲ್ಲ?"

"ಸಾಕಬಹುದು. ಬೇಗ ಬೆಳೆಯುತ್ತೆ. ತನಗಿಂತ ಚಿಕ್ಕದು ಏನು ಸಿಕ್ಕಿದ್ರೂ ನುಂಗುತ್ತೆ. ಒಂದು ಮಳೆಗೆ ಗುಂಡಿ ತುಂಬಿ ಹೊಳೆಗೆ ಸೇರಿದ್ರೆ ಆಮೇಲೆ ಹೊಳೇಲಿ ಅದೊಂದೇ ಇರುತ್ತೆ."

ಅವಳು ಎದ್ದು ಪ್ಯಾಂಟಿನ ದೂಳು ಕೊಡವಿದಳು. "ನೀರು ಏರಿಸಿದ್ದು, ಮೀನು ಬದಲಾಗಿದ್ದು. ಈ ಎರಡು ಮಾತು ಈ ಕಟ್ಟೆ ದಾಟಬಾರದು. ನಮ್ಮ ಮೂವರ ಹೊಟ್ಟೇಲಿ ಇರಲಿ." ದಫೇದಾರನ ಕಡೆ ತಿರುಗಿದಳು. "ನೀನು ಲೈನ್‌ಮನ್ನನ್ನ ಹಿಡಿ. ಮೊನ್ನೆ ರಾತ್ರಿ ಈ ಕಡೆ ಕರೆಂಟು ನಿಜವಾಗ್ಲೂ ಹೋಗಿತ್ತಾ ಕೇಳು. ಅಕ್ಕಪಕ್ಕದ ಮನೆಯವರನ್ನೂ ವಿಚಾರಿಸು. ನಾನು ಅಳಿಯನ ಹತ್ರ ಮಾತಾಡ್ತೀನಿ."

"ಒಬ್ಬರೇನಾ ಮೇಡಂ?"

"ಅವನೇನು ನುಂಗ್ತಾನಾ?"

ಪಶುವೈದ್ಯರು ಮೀನೊಂದನ್ನು ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ ಅವಳ ಕೈಗೆ ಕೊಟ್ಟರು.

ಹ್ಯಾಚರಿಯ ಆಫೀಸು ಎಂದರೆ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಆಕ್ಸಿಜನ್ ಸಿಲಿಂಡರ್ ಒರಗಿತ್ತು. ಅದರ ಪಕ್ಕ ಮರಿ ತುಂಬಿ ಕಳಿಸುವ ಪ್ಲಾಸ್ಟಿಕ್ ಚೀಲಗಳ ಕಟ್ಟು, ಡಬ್ಬಿತುಂಬ ರಬ್ಬರ್ ಬ್ಯಾಂಡು. ಮೂಲೆಯ ಸಣ್ಣ ಫ್ರಿಜ್ಜು ಆಗಾಗ ಮೈ ನಡುಗಿಸಿ ಸುಮ್ಮನಾಗುತ್ತಿತ್ತು. ಅದರಲ್ಲಿ ಇಂಜೆಕ್ಷನ್ನಿನ ಸೀಸೆಗಳು. ಒಂದೇ ಕಿಟಕಿ, ಅದಕ್ಕೆ ಸೊಳ್ಳೆ ಪರದೆ. ಒಂದೇ ಬಾಗಿಲು.

ಅಳಿಯ ಮೇಜಿನ ಹಿಂದೆ ಕುಳಿತಿದ್ದ. ನೋಡಲು ಲಕ್ಷಣವಾದವನು, ಇಸ್ತ್ರಿ ಮಾಡಿದ ಅಂಗಿ. ಮದುವೆಗೆ ಮುಂಚೆ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದನಂತೆ. ಮದುವೆಯಾದ ಮೇಲೆ ಮನೆಅಳಿಯನಾಗಿ ಬಂದು ಮರಿ ಮಾರಾಟ ನೋಡಿಕೊಳ್ಳುತ್ತಿದ್ದ. ಬಲಗೈ ಬ್ಯಾಂಡೇಜಿನಲ್ಲಿತ್ತು. ಬೆರಳುಗಳು ಊದಿ ಬಾಳೆಕಾಯಿ ಆಗಿದ್ದವು.

"ಕೈಗೇನಾಯ್ತು?"

"ತಂತಿ ತಾಗ್ತು ಮೇಡಂ. ಬೇಲಿ ತಂತಿ."

"ಯಾವಾಗ?"

"ನಿನ್ನೆ. ಗಡಿಬಿಡೀಲಿ." ಕೈಯನ್ನು ಮೇಜಿನ ಕೆಳಗೆ ಇಳಿಸಿದ. "ಟೀ ತರಿಸ್ಲಾ?"

"ಬೇಡ. ನಿಮ್ಮ ಅತ್ತೆ ಇಲ್ವಾ?"

"ಆಸ್ಪತ್ರೇಲಿದಾರೆ. ತಮ್ಮನ ಪಕ್ಕದಿಂದ ಏಳ್ತಾನೇ ಇಲ್ಲ. ಊಟಾನೂ ಇಲ್ಲ. ನನ್ನ ಹೆಂಡ್ತಿ ಈಗ ಅಲ್ಲಿಗೇ ಹೊರಟಿದಾಳೆ, ಬುತ್ತಿ ತಗೊಂಡು."

ಇನ್‌ಸ್ಪೆಕ್ಟರಮ್ಮ ಎದುರಿನ ಕುರ್ಚಿಯಲ್ಲಿ ಕುಳಿತಳು. ತಟ್ಟೆಯನ್ನು ಇಬ್ಬರ ನಡುವೆ ಇಟ್ಟು, ಬಟ್ಟೆ ಸರಿಸಿದಳು.

"ಇದು ನಿಮ್ಮ ತಾಯಿ ಮೀನೇ ತಾನೇ?"

ಅವನು ನೋಡಿದ. ಅವನ ಕಣ್ಣು ಮೀನಿನ ನೆತ್ತಿಯ ಮೇಲೆ ಒಂದು ಗಳಿಗೆ ನಿಂತು, ಬಿಸಿ ಮುಟ್ಟಿದಂತೆ ಬಾಲಕ್ಕೆ ಜಾರಿತು.

"ಹೌದು ಮೇಡಂ. ಇನ್ಯಾವುದು ಇರುತ್ತೆ?"

"ಹಾಗೇ ಕೇಳಿದೆ."

ಅವಳು ಬಟ್ಟೆಯನ್ನು ಮತ್ತೆ ಮುಚ್ಚಿದಳು. ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡಳು. ಟೈಲ್ಸ್ ಮಾರುತ್ತಿದ್ದವನ ಕಣ್ಣು ಮೊದಲು ನೆತ್ತಿಗೇ ಯಾಕೆ ಹೋಯಿತು?

"ಈ ಮೀನು ನಿಮಗೆ ಇಷ್ಟ ಇರಲಿಲ್ಲ ಅಂತ ಕೇಳ್ದೆ."

"ಯಾರು ಹೇಳಿದ್ರು?"

"ಕೇಳ್ದೆ."

ಅಳಿಯ ಉಸಿರು ಬಿಟ್ಟ. "ಇಷ್ಟ ಕಷ್ಟದ ಮಾತಲ್ಲ ಮೇಡಂ. ವ್ಯಾಪಾರದ ಮಾತು. ಇದು ಬೆಳೆಯೋದು ಆಮೆ ನಡೆದ ಹಾಗೆ. ದೊಡ್ಡ ಜಾತಿ ಹಾಕೋಣ ಅಂದೆ. ಮಾವ ನನ್ನ ಮುಖಾನೇ ನೋಡಲಿಲ್ಲ, ತೊಟ್ಟಿಗೆ ಹೇಳೋ ಹಾಗೆ ಹೇಳಿದ್ರು, ಟೈಲ್ಸಿಗೆ ಜೀವ ಇರಲ್ಲ, ಅದಕ್ಕೇ ಇವನಿಗೆ ಅರ್ಥ ಆಗಲ್ಲ ಅಂತ. ಕೆಲಸದವರ ಎದುರಿಗೆ. ಅವರೆಲ್ಲ ನಕ್ರು." ಆ ನಗೆ ಇನ್ನೂ ಕಿವಿಯಲ್ಲಿದ್ದಂತೆ ಅವನ ದವಡೆ ಬಿಗಿಯಿತು. "ಒಂದು ದೊಡ್ಡ ಫಾರ್ಮಿನವರು ಬಂದಿದ್ರು. ನಿಮ್ಮ ತಾಯಿ ಮೀನು ಅಷ್ಟನ್ನೂ ನಮಗೇ ಕೊಡಿ, ಆಮೇಲೆ ನೀವು ಬೇರೆ ಜಾತಿ ಮಾಡಿಕೊಳ್ಳಿ ಅಂದ್ರು. ಅತ್ತೆ ಎದ್ದು ಒಳಗೆ ಹೋದ್ರು. ಮಾವ ಅವರ ಗಾಡಿ ಹೋಗೋವರೆಗೂ ಗೇಟಲ್ಲಿ ನಿಂತಿದ್ರು."

"ನಿಮಗೆ ಕೊಡೋ ಮನಸ್ಸಿತ್ತು."

"ಇತ್ತು. ಮನಸ್ಸಿದ್ದ ಮಾತ್ರಕ್ಕೆ ತಪ್ಪಾ?"

"ತಪ್ಪಲ್ಲ. ಸುಳ್ಳು ಹೇಳೋದು ತಪ್ಪು." ಇನ್‌ಸ್ಪೆಕ್ಟರಮ್ಮ ದನಿ ಏರಿಸಲಿಲ್ಲ. "ಈ ಮೀನಿಗೆ ಪಕ್ಕದ ರೆಕ್ಕೆಯಲ್ಲಿ ಮುಳ್ಳಿದೆ. ಬದುಕಿರೋ ಮೀನನ್ನ ಗೊತ್ತಿಲ್ಲದೆ ಹಿಡಿದ್ರೆ ಚುಚ್ಚುತ್ತೆ, ಕೈ ಹೀಗೆ ಊದುತ್ತೆ. ಬೇಲಿ ತಂತಿಗೆ ಇಷ್ಟು ಊದಲ್ಲ. ಡಾಕ್ಟ್ರು ಹೊರಗಿದಾರೆ, ಕಟ್ಟು ಬಿಚ್ಚಿಸಿ ನೋಡೋಣ್ವಾ?"

ಅವನು ಕೈಯನ್ನು ಮೇಜಿನ ಕೆಳಗೆ ಇನ್ನಷ್ಟು ಹಿಂದಕ್ಕೆ ಎಳೆದುಕೊಂಡ.

"ನೀವು ಹೇಳಿದ ಹಾಗೆ ನೀವು ಹೋದಾಗ ಎಲ್ಲಾ ಸತ್ತಿದ್ವು. ಸತ್ತ ಮೀನು ಚುಚ್ಚಲ್ಲ."

"ಸತ್ತದ್ದರ ಮುಳ್ಳೂ ಚುಚ್ಚುತ್ತೆ ಮೇಡಂ," ಎಂದ ಅವನು, ಎಲ್ಲೋ ಒಂದು ಹುಲ್ಲುಕಡ್ಡಿ ಸಿಕ್ಕಿದವನಂತೆ.

"ಹಾಗಾದ್ರೆ ತಂತಿ ಅಂತ ಯಾಕೆ ಹೇಳಿದ್ರಿ?"

ಫ್ರಿಜ್ಜು ನಡುಗಿ ನಿಂತಿತು. ಹೊರಗೆ ಯಾವುದೋ ತೊಟ್ಟಿಗೆ ನೀರು ಬೀಳುವ ಸದ್ದು.

"ಮಾರೋನಿಗೆ ತನ್ನ ಸರಕು ಗೊತ್ತಿರುತ್ತೆ," ಎಂದಳು ಇನ್‌ಸ್ಪೆಕ್ಟರಮ್ಮ. "ಗಿರಾಕಿಗಳಿಗೆ ನೀವೇ ಹೇಳಿರ್ತೀರಿ, ಇದು ಗಾಳಿ ಕುಡಿಯೋ ಮೀನು, ಕೆಸರಲ್ಲಿ ಹಾಕಿದ್ರೂ ಸಾಯಲ್ಲ ಅಂತ. ಹೇಳಿದೀರೋ ಇಲ್ವೋ?"

"ಹೇಳಿದೀನಿ."

"ಮತ್ತೆ ಮೋಟಾರು ನಿಂತು ಸತ್ವು ಅಂತ ಪೊಲೀಸರ ಹತ್ರ ಹೇಗೆ ಹೇಳಿದ್ರಿ? ನಾವು ಅಷ್ಟು ದಡ್ಡರ ಹಾಗೆ ಕಾಣ್ತೀವಾ?"

ಅಳಿಯ ಎಡಗೈಯಿಂದ ಹಣೆ ಒರೆಸಿಕೊಂಡ. ಕುರ್ಚಿಯಲ್ಲಿ ಅವನು ಸ್ವಲ್ಪ ಸಣ್ಣವನಾದಂತೆ ಕಂಡಿತು.

"ನಾನು ಬೆಳಗ್ಗೆ ಹಲ್ಲುಜ್ಜಿಕೊಂಡು ಆ ಕಡೆ ಹೋದೆ. ನೀರು ತೊಟ್ಟಿ ಅಂಚಿನವರೆಗೂ ನಿಂತಿತ್ತು. ಬಲೆ ನೀರೊಳಗಿತ್ತು ಮೇಡಂ. ಮೀನೆಲ್ಲ ಬಲೆಗೆ ಹೊಟ್ಟೆ ಹಚ್ಚಿಕೊಂಡು ಹಾಗೇ ನಿಂತಿದ್ವು. ಒಂದು ಮಾತ್ರ ಬಾಯಿ ಆಡಿಸ್ತಿತ್ತು. ಪೈಪಿಗೆ ತುರುಕಿದ್ದ ಬಟ್ಟೆ ಕಿತ್ತೆ. ಬಲೆಯ ಒಂದು ಮೂಲೆ ಬಿಚ್ಚಿ ಆ ಮೀನನ್ನ ಎತ್ತೋಕೆ ಹೋದೆ. ಚುಚ್ಚಿತು. ಆದ್ರೂ ಬಿಡಲಿಲ್ಲ, ಹೊರಗೆ ಹಾಕ್ದೆ. ಎರಡು ಸಲ ಬಾಯಿ ಬಿಟ್ಟು ನಿಂತುಹೋಯ್ತು."

ಇಷ್ಟವಿಲ್ಲದ ಮೀನಿಗಾಗಿ ಕೈ ಊದಿಸಿಕೊಂಡವನು. ಇದೂ ಬಾಯಿಪಾಠವೋ, ಅಥವಾ ನಿನ್ನೆಯಿಂದ ಅವನು ಹೇಳಿದ ಮೊದಲನೇ ನಿಜವೋ? ಇನ್‌ಸ್ಪೆಕ್ಟರಮ್ಮ ಅವನ ಮುಖದಲ್ಲಿ ಹುಡುಕಿದಳು. ಬೆವರು ಬಿಟ್ಟು ಬೇರೇನೂ ಸಿಗಲಿಲ್ಲ.

"ಆಮೇಲೆ?"

"ತಿರುಗಿ ನೋಡ್ತೀನಿ, ಮಾವ ಕಾಲುವೇಲಿ. ತಲೆಯೆಲ್ಲ ರಕ್ತ. ಅತ್ತೇನ ಕೂಗ್ದೆ. ಅತ್ತೆ ಓಡಿ ಬಂದ್ರು." ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಬಂದವರು ಮೊದಲು ನೀರು ನೋಡಿದ್ರು. ಆಮೇಲೆ ಮೀನು ನೋಡಿದ್ರು. ತಮ್ಮನ್ನ ನೋಡಿದ್ದು ಎಲ್ಲಾ ಆದ ಮೇಲೆ."

"ಒಡಹುಟ್ಟಿದ ತಮ್ಮ ಅಲ್ಲಿ ರಕ್ತದಲ್ಲಿ ಬಿದ್ದಿದ್ರೂ?"

"ಅದೇ ಮೇಡಂ. ಅತ್ತಿದ್ದು ಆಮೇಲೆ. ಅಳೋಕೆ ಮುಂಚೆ ನನ್ನ ತೋಳು ಹಿಡಿದು ಹೇಳಿದ್ರು, ಕರೆಂಟು ಹೋಗಿ ಮೋಟಾರು ನಿಂತಿತು ಅಂತ ಹೇಳು, ನೀರಿನ ವಿಷಯ ಯಾರ ಹತ್ರಾನೂ ಎತ್ತಬೇಡ ಅಂತ."

"ನೀವು ಹೂಂ ಅಂದ್ರಿ."

"ಆರು ವರ್ಷದಲ್ಲಿ ಅವರು ನನ್ನ ಒಂದು ಸಹಾಯ ಕೇಳಿರಲಿಲ್ಲ. ಕೇಳಿದ್ದು ಅದೊಂದೇ."

ಇನ್‌ಸ್ಪೆಕ್ಟರಮ್ಮ ಕುರ್ಚಿಗೆ ಒರಗಿದಳು. ದೊಡ್ಡಮ್ಮನ ಮುಖ ಕಣ್ಣ ಮುಂದೆ ಬಂತು. ನಿನ್ನೆ ಆಸ್ಪತ್ರೆಯ ಬೆಂಚಿನಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದ ಗಟ್ಟಿ ಹೆಂಗಸು. ಗಂಡ ಸತ್ತ ಮೇಲೆ ಒಂದು ತೊಟ್ಟಿಯಿಂದ ಇಷ್ಟು ದೊಡ್ಡ ಹ್ಯಾಚರಿ ಕಟ್ಟಿದವಳು. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಅಳೆದು ಸುರಿದು.

"ಮೀನಿನ ವಿಷಯದಲ್ಲಿ ನಿಮ್ಮ ಅತ್ತೆಗಿಂತ ಬಲ್ಲವರು ಇಲ್ಲಿ ಯಾರಿದಾರೆ? ಆ ಸುಳ್ಳು ಒಂದು ದಿನವೂ ನಿಲ್ಲಲ್ಲ ಅಂತ ಅವರಿಗೆ ಗೊತ್ತಿರಲಿಲ್ವಾ?"

"ನಿನ್ನೆಯಿಂದ ನಾನೂ ಅದನ್ನೇ ಯೋಚಿಸ್ತಿದೀನಿ," ಎಂದ ಅಳಿಯ. ಈ ಸಲ ಅವನು ಅವಳ ಕಣ್ಣನ್ನೇ ನೋಡಿ ಹೇಳಿದ. "ನಿಲ್ಲದ ಸುಳ್ಳನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸಿದ್ರು?"

ಪ್ರಶ್ನೆ ಚೆನ್ನಾಗಿತ್ತು. ಅತಿಯಾಗಿ ಚೆನ್ನಾಗಿತ್ತು. ತಾನು ಕೇಳಬೇಕಾದ್ದನ್ನು ಸಂಶಯದ ಮನುಷ್ಯನೇ ಮೊದಲು ಕೇಳಿದರೆ ಇನ್‌ಸ್ಪೆಕ್ಟರಮ್ಮನಿಗೆ ಸಮಾಧಾನವಾಗುತ್ತಿರಲಿಲ್ಲ. ಅವನು ಅತ್ತೆಯ ಕಡೆ ಬೆರಳು ತೋರಿಸುತ್ತಿಲ್ಲ, ಆದರೆ ಇನ್‌ಸ್ಪೆಕ್ಟರಮ್ಮನ ಕತ್ತನ್ನು ಹಿಡಿದು ಆ ಕಡೆ ತಿರುಗಿಸುತ್ತಿದ್ದಾನೆ.

"ಮಾವನ ತಲೆಗೆ ಪೆಟ್ಟು ಬಿದ್ದಿರೋದು ಹಿಂದಿನಿಂದ, ಮೇಲಿನಿಂದ," ಎಂದಳು. "ಜಾರಿ ಬಿದ್ದದ್ದಲ್ಲ ಅಂತ ಆಸ್ಪತ್ರೆ ಡಾಕ್ಟ್ರು ಬರೆದುಕೊಟ್ಟಿದಾರೆ. ಹೊಡೆದವರು ಅವರಿಗಿಂತ ಎತ್ತರ ಇರಬೇಕು, ಇಲ್ಲಾ ಅವರು ಬಗ್ಗಿರಬೇಕು. ನಿಮ್ಮ ಎತ್ತರ ಎಷ್ಟು?"

ಅಳಿಯ ಬಾಯಿ ತೆರೆದ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಲ್ಲಿ ಮೀಸೆ ಮಾವನ ವಾರ್ಡಿನ ಕಾವಲಿಗಿದ್ದ ಮಹಿಳಾ ಪೇದೆ.

"ಮೇಡಂ, ಮಾವ ಕಣ್ಣು ಬಿಟ್ರು."

ಇನ್‌ಸ್ಪೆಕ್ಟರಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು. ಫೋನನ್ನು ಕಿವಿಗೆ ಒತ್ತಿಕೊಂಡು ದನಿ ಇಳಿಸಿದಳು. "ಮಾತಾಡಿದ್ರಾ?"

"ಒಂದೇ ಮಾತು ಮೇಡಂ. ದೊಡ್ಡಮ್ಮ ಮುಖ ತೊಳೆಯೋಕೆ ಅಂತ ಹೋಗಿದ್ರು. ನಾನೊಬ್ಬಳೇ ಇದ್ದೆ. ನನ್ನ ಕೈ ಹಿಡ್ಕೊಂಡು, ನೀರು ಏರಿಸಿದ್ದು ನಾನೇ, ಅಕ್ಕನಿಗೆ ಗೊತ್ತಾಗೋದು ಬೇಡ ಅಂದ್ರು. ಯಾವ ನೀರು ಅಂತ ಕೇಳ್ದೆ. ಮತ್ತೆ ಕಣ್ಣು ಮುಚ್ಚಿಕೊಂಡ್ರು. ಅದೇನಂತ ನನಗೆ ಅರ್ಥ ಆಗಲಿಲ್ಲ, ಅದಕ್ಕೇ ನಿಮಗೆ..."

ಪೇದೆಯ ಮಾತು ಅರ್ಧಕ್ಕೇ ನಿಂತಿತು. ಆ ಕಡೆ ಯಾರೋ ಏನೋ ಹೇಳಿದರು. ಕುರ್ಚಿ ಎಳೆದ ಸದ್ದು.

"ಏನಾಯ್ತು?"

"ಮೇಡಂ, ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ರು. ಕೇಳಿಸಿಕೊಂಡಿದಾರೆ. ಫೋನು ಕೇಳ್ತಿದಾರೆ."

"ಕೊಡು."

ಉಸಿರಾಟ ಕೇಳಿಸಿತು. ಆಮೇಲೆ ನಿನ್ನೆಯ ಅದೇ ಅಳೆದ ದನಿ.

"ಇನ್‌ಸ್ಪೆಕ್ಟರಮ್ಮ, ನನ್ನ ತಮ್ಮನ ಮಾತು ನಂಬಬೇಡಿ. ಚಿಕ್ಕವನಿದ್ದಾಗಿಂದಲೂ ನನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕಿಕೊಂಡು ಅಭ್ಯಾಸ ಅವನಿಗೆ. ನೀರು ಏರಿಸಿದ್ದು ನಾನು."

ಇನ್‌ಸ್ಪೆಕ್ಟರಮ್ಮ ಸೊಳ್ಳೆ ಪರದೆಯ ಆಚೆ ನೋಡಿದಳು. ತೊಟ್ಟಿಗಳ ಸಾಲು, ಬಿಸಿಲು, ಕಟ್ಟೆಯ ಹತ್ತಿರ ಬಕೆಟ್ಟು. ಪಶುವೈದ್ಯರು ಅಲ್ಲಿರಲಿಲ್ಲ. ಒಂದು ನಿಮಿಷದಲ್ಲಿ ಇಬ್ಬರು ಒಂದೇ ಕೆಲಸವನ್ನು ಒಪ್ಪಿಕೊಂಡಿದ್ದರು. ಒಬ್ಬರು ಸುಳ್ಳು ಹೇಳುತ್ತಿರಬೇಕು. ಇಬ್ಬರೂ ಹೇಳುತ್ತಿರಬಹುದು.

"ಯಾಕೆ ಏರಿಸಿದ್ರಿ?"

"ತಾಯಿ ಮೀನುಗಳೆಲ್ಲ ಸತ್ತಿವೆ ಅಂತ ಒಬ್ಬನಿಗೆ ಗೊತ್ತಾಗಬೇಕಿತ್ತು. ಅವನು ಬಂದು ಕಣ್ಣಾರೆ ನೋಡಬೇಕಿತ್ತು. ನೋಡಿ ಹೋಗಿದ್ರೆ ಮುಗೀತಿತ್ತು."

"ನಿಮ್ಮ ತಮ್ಮನ ತಲೆಗೆ ಹೊಡೆದದ್ದು ಅವನೇನಾ?"

ಆ ಕಡೆ ಆಸ್ಪತ್ರೆಯ ಕಾರಿಡಾರಿನಲ್ಲಿ ತಳ್ಳುಗಾಡಿಯೊಂದು ಕಿರುಗುಟ್ಟುತ್ತ ಹೋಯಿತು.

"ದೊಡ್ಡಮ್ಮ, ಯಾರವನು?"

"ಈಗ ಕೆಳಗೆ ಬಂದು ನಿಂತಿದಾನೆ. ಕಿಟಕೀಲಿ ನೋಡ್ತಿದೀನಿ. ಮೇಲೆ ನೋಡಿದ, ನನ್ನ ನೋಡಿ ನಕ್ಕ." ದೊಡ್ಡಮ್ಮನ ದನಿ ಮೊದಲ ಸಲ ಸ್ವಲ್ಪ ಅಲುಗಿತು. "ನಿಮ್ಮವರನ್ನ ಇನ್ನಿಬ್ಬರನ್ನ ಕಳಿಸಿ. ಬೇಗ ಕಳಿಸಿ."

"ಕಳಿಸ್ತೀನಿ. ಹೆಸರು ಹೇಳಿ."

"ಹೇಳಿದ್ರೆ ನಿಮ್ಮ ಬಾಯಲ್ಲಿ ಅದು ಬರುತ್ತೆ. ನೀವು ಈಗ ಎಲ್ಲಿದೀರಿ?"

"ನಿಮ್ಮ ಆಫೀಸಲ್ಲಿ."

"ಅಳಿಯ ಇದಾನಾ ಅಲ್ಲಿ?"

"ಇದಾರೆ."

"ಹಾಗಾದ್ರೆ ಕೇಳಬೇಡಿ. ಆ ಹೆಸರು ಕಿವಿಗೆ ಬಿದ್ರೆ ಅಳಿಯ ಓಡಿಹೋಗ್ತಾನೆ."

ಇನ್‌ಸ್ಪೆಕ್ಟರಮ್ಮ ಫೋನನ್ನು ಕಿವಿಯಿಂದ ತೆಗೆಯದೆ, ಆದಷ್ಟು ನಿಧಾನವಾಗಿ ತಿರುಗಿದಳು.

ಅಳಿಯ ಓಡಲಿಲ್ಲ. ಕುರ್ಚಿ ಬಿಟ್ಟು ಎದ್ದಿದ್ದ. ಸದ್ದಾಗದಂತೆ ನಡೆದು ಹೋಗಿ ಆ ಕೋಣೆಯ ಒಂದೇ ಬಾಗಿಲನ್ನು ಮುಚ್ಚಿ, ಊದಿದ ಕೈಯಿಂದಲೇ ಒಳಗಿನ ಚಿಲಕ ಹಾಕಿದ.